ಕಾಯಲಾರದ ಡೀಲಿಯಾ ಕಾಯ್ನ್‌ಗೊಂದು ಕೋಲು

ಡೀಲಿಯಾ ಕಾಯ್ನ್ ಏಳನೇ ತಿಂಗಳಿಗೇ ಹುಟ್ಟಿದವಳು. ಮುಂದಿನದೆಲ್ಲ ಅದೇ ಧಾಟಿಯಲ್ಲಿ ನಡೆಯಿತು. ಅವಳು ಅಂಚೆ ಹಂಚುತ್ತಿದ್ದ ಕಾಲದಲ್ಲಿ ಹಸಿರು ವ್ಯಾನು ಬಾಗಿಲಿಗೆ ಬರುವ ಹೊತ್ತಿಗೆ ನಮ್ಮೂರಿನಲ್ಲಿ ನಾಯಿಗಳೂ ಎದ್ದಿರುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವಳೂ ಅವಳೇ. ಪಾದ್ರಿಗಳು ಎಂಥ ನಿಧಾನಸ್ಥರಾದರೂ ಡೀಲಿಯಾಳ ಬೆರಳುಗಳು ಅವರನ್ನು ಅಟ್ಟಿಸಿಕೊಂಡು ಹೋಗಿ ಕೊನೆಯ ಆಶೀರ್ವಾದಕ್ಕೆ ಮುಟ್ಟಿಸಿಬಿಡುತ್ತವೆ. ಮೇ ತಿಂಗಳಲ್ಲಿ, ಕಾರಿಬ್ ಸರೋವರದ ಮೇಲೆ, ಮೀನುಗಳು ಮುಗಿಬೀಳುವ ಮೇನೊಣ ಹಿಂಡಾಗಿ ಏಳುವ ದಿನಗಳಲ್ಲಿ, ಊರಿನವರು ಇದನ್ನು ದೇವರ ದಯೆ ಎಂದೇ ಎಣಿಸುತ್ತಾರೆ. ಪೂಜೆ ಬೇಗ ಮುಗಿದರೆ ದೋಣಿ ಬೇಗ ಇಳಿಯುತ್ತದೆ.

ಮದುವೆಯೂ ಹಾಗೆಯೇ ಆಯಿತಂತೆ. ಕೋಲ್ಮನ್ ಕಾಯ್ನ್ ಒಂದು ಸಂಜೆ ಅವಳ ಮನೆ ಗೇಟಿನ ಹತ್ತಿರ ನಿಂತು, ಟೋಪಿ ಕೈಯಲ್ಲಿ ಹಿಡಿದು, “ಡೀಲಿಯಾ, ನಾನು ಒಂದು ವಿಷಯ ಕೇಳಬೇಕು ಅಂತ…” ಎಂದು ಶುರುಮಾಡಿದ. “ಆಯ್ತು, ಸೆಪ್ಟೆಂಬರ್‌ನಲ್ಲಿ ಇಟ್ಕೊಳ್ಳೋಣ” ಅಂದಳು ಅವಳು. ಕೋಲ್ಮನ್‌ನ ತಮ್ಮ ಮ್ಯಾಟಿ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ: “ಅವನು ಸೈಕಲ್ ಕೇಳೋಕೆ ಹೋಗಿದ್ದ. ಸೈಕಲ್ ಸಿಗಲಿಲ್ಲ, ಸವಾರಿ ಸಿಕ್ತು.”

ಕೋಲ್ಮನ್ ನಿಧಾನದ ಮನುಷ್ಯ. ಸಾಯುವ ಕೆಲಸವನ್ನೂ ಮೂರು ಚಳಿಗಾಲ ಹಿಡಿದು ಮಾಡಿದ. ಆ ಒಂದು ವಿಷಯದಲ್ಲಿ ಡೀಲಿಯಾ ಅವನನ್ನು ಅವಸರಪಡಿಸಲಿಲ್ಲ.

ಅವಳ ಅವಸರಕ್ಕೆ ನಿಜವಾದ ಬೆಲೆ ಬರುತ್ತಿದ್ದದ್ದು ಸರೋವರದ ಮೇಲೆ. ಇಲ್ಲಿಯ ಟ್ರೌಟ್ ಮೀನು ಗಾಳಕ್ಕೆ ಪುಕ್ಕ ಸುತ್ತಿ ಮಾಡಿದ ಸುಳ್ಳು ನೊಣವನ್ನು ನಂಬುವುದು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಕೋಲು ಜಗ್ಗಿ ಗಾಳ ನಾಟಿಸಬೇಕು; ಇಲ್ಲದಿದ್ದರೆ ಅದು ಥೂ ಎಂದು ಉಗಿದು ಹೋಗುತ್ತದೆ. ಡೀಲಿಯಾ ರೆಪ್ಪೆ ಬಡಿಯುವುದಕ್ಕೂ ಮೊದಲೇ ಜಗ್ಗುತ್ತಿದ್ದಳು. ನೀರು ಉಬ್ಬುವುದಕ್ಕೆ ಮೊದಲು ಅವಳ ಭುಜಕ್ಕೆ ಸುದ್ದಿ ಹೋಗಿರುತ್ತಿತ್ತು ಎಂದು ಜನ ಹೇಳುತ್ತಾರೆ. ನಮ್ಮ ದಂಡೆಯಲ್ಲಿ ದೊಡ್ಡ ಮೀನು ಅಂದರೆ ಡೀಲಿಯಾ, ಡೀಲಿಯಾ ಅಂದರೆ ಮ್ಯಾಟಿಯ ದೋಣಿಯ ಮುಂತುದಿ.

ಈ ಮುಂತುದಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ದೋಣಿಗಳು ಗಾಳಿಗೆ ಅಡ್ಡಲಾಗಿ, ಮಗ್ಗುಲಾಗಿ ತೇಲುತ್ತವೆ. ಗಾಳ ಹಾಕುವವರು ಇಬ್ಬರೇ: ಒಬ್ಬರು ಮುಂತುದಿಯ ಹಲಗೆಯ ಮೇಲೆ, ಒಬ್ಬರು ಹಿಂತುದಿಯ ಹಲಗೆಯ ಮೇಲೆ. ನಡುವೆ ಮ್ಯಾಟಿ, ಅವನು ಹುಟ್ಟಿದ್ದೇ ಹುಟ್ಟು ಹಿಡಿಯಲು. ಅವನ ಕಾಲ ಬಳಿ ಇನ್ನೊಂದು ಗಿಡ್ಡ ಹಲಗೆಯಿದೆ. ಅದರ ಮೇಲೆ ಊಟದ ಬುಟ್ಟಿ, ಹೊಟ್ಟೆಯೊಳಗೆ ಬೆಂಕಿ ಹೊತ್ತಿಸಿಕೊಳ್ಳುವ ತಗಡಿನ ಕೆಟಲ್, ಮತ್ತು ದೂರದೇಶದಿಂದ ಬಂದು ಇಲ್ಲಿ ನೆಲೆಸಿದ, ಗಾಳ ಹಿಡಿಯಲು ಬಾರದ ನಾನು. ಅದಕ್ಕೆ ಕೆಟಲ್ ಹಲಗೆ ಎಂದೇ ಹೆಸರು. ಮ್ಯಾಟಿಯ ಅಪ್ಪ ಕಣ್ಣು ಮಂಜಾದ ಮೇಲೆ ಮುಂತುದಿಯಿಂದ ಕೆಟಲ್ ಹಲಗೆಗೆ ಬಂದರು. ಮುಂದಿನ ವರ್ಷದ ಮೇನೊಣಕ್ಕೆ ಅವರಿರಲಿಲ್ಲ. ಅವರ ಸೋದರಮಾವನದೂ ಅದೇ ಕಥೆ. ಕೆಟಲ್ ಹಲಗೆಗೆ ಇಳಿದವರು ಮತ್ತೆ ತುದಿಗೆ ಹತ್ತಿದ ಉದಾಹರಣೆ ಈ ಊರಿನ ಯಾವ ದೋಣಿಯಲ್ಲೂ ಇಲ್ಲ. ನನ್ನದು ಬೇರೆ ಮಾತು. ನಾನು ಹತ್ತಿಯೇ ಇರಲಿಲ್ಲ.

ಎರಡು ತುದಿಗಳಲ್ಲಿ ಮುಂತುದಿಗೆ ತೂಕ ಹೆಚ್ಚು. ಮ್ಯಾಟಿ ದೋಣಿಯ ಮೂತಿಯನ್ನು ಸದಾ ಬಂಡೆಗಳ ಕಡೆಗೆ ಒತ್ತಿ ಹಿಡಿಯುತ್ತಾನೆ, ದೊಡ್ಡ ಮೀನು ಬಂಡೆಯ ಮಗ್ಗುಲಲ್ಲೇ ಇರುವುದರಿಂದ. ಮೂವತ್ತು ವರ್ಷ ಅಲ್ಲಿ ಡೀಲಿಯಾ. ಹಿಂತುದಿಯಲ್ಲಿ ಮ್ಯಾಟಿಯ ಹೆಂಡತಿ ಅಟ್ರಾಕ್ಟಾ. ದೋಣಿ ಮ್ಯಾಟಿಯದು, ಹೆಂಡತಿ ಮ್ಯಾಟಿಯವಳು, ಆದರೂ ಒಳ್ಳೆಯ ಜಾಗ ಅಣ್ಣನ ಹೆಂಡತಿಗೆ. ಮೊದಲ ದಿನ ಡೀಲಿಯಾ ಬೇಗ ಬಂದು ಕೂತಿದ್ದಳು, ಅಷ್ಟೆ ಕಾರಣ.

ಅಟ್ರಾಕ್ಟಾ ಇವಳಿಗೆ ಪೂರ್ತಿ ವಿರುದ್ಧ. ದಪ್ಪ ಸ್ವೆಟರ್, ದಪ್ಪ ದೇಹ, ದಪ್ಪ ಮೌನ. ಅವಳು ಹಿಡಿಯುವ ಕೋಲೂ ಬೇರೆ ಜಾತಿಯದು. ದೋಣಿಗಿಂತ ಸ್ವಲ್ಪವೇ ಗಿಡ್ಡವಾದ ಕೋಲನ್ನು ಧ್ವಜದ ಹಾಗೆ ನೆಟ್ಟಗೆ ಎತ್ತಿ, ಬುಡವನ್ನು ತೊಡೆಯ ಮೇಲೆ ಊರಿ, ತುದಿಯಿಂದ ಹಗುರವಾದ ರೇಷ್ಮೆ ಎಳೆಯನ್ನು ಗಾಳಿಗೆ ಬಿಡುತ್ತಾಳೆ. ಎಳೆಯ ಕೊನೆಯ ಗಾಳಕ್ಕೆ ಎರಡು ಜೀವಂತ ಮೇನೊಣ. ಬೀಸುವುದಿಲ್ಲ, ಎಸೆಯುವುದಿಲ್ಲ. ಗಾಳಿಯೇ ಗಾಳವನ್ನು ಹೊತ್ತುಕೊಂಡು ಹೋಗಿ ನೀರಿನ ಮೇಲೆ ಕುಣಿಸುತ್ತದೆ. ಡೀಲಿಯಾ ಇದನ್ನು ಮೀನು ಹಿಡಿಯುವ ವಿದ್ಯೆಗಳ ಪಟ್ಟಿಯಿಂದಲೇ ತೆಗೆದುಹಾಕಿದ್ದಳು.

“ಅಟ್ರಾಕ್ಟಾ, ಬಟ್ಟೆ ಒಣಗಿದ್ವಾ?” ಎಂದು ಆ ಉದ್ದ ಕೋಲನ್ನು ನೋಡಿ ಮುಂತುದಿಯಿಂದ ಕೇಳುತ್ತಿದ್ದಳು.

“ಇನ್ನೂ ಹಸಿ” ಎನ್ನುತ್ತಿದ್ದಳು ಅಟ್ರಾಕ್ಟಾ. ಮೂವತ್ತು ವರ್ಷ ಅದೇ ಪ್ರಶ್ನೆ, ಅದೇ ಉತ್ತರ.

ಆಮೇಲೆ ಒಂದು ಚಳಿಗಾಲದಲ್ಲಿ ಡೀಲಿಯಾಳ ಬಲಭುಜ ಕೈಕೊಟ್ಟಿತು. ಭುಜ ಕೈಕೊಡುವುದು ಹೇಗೆ ಎಂದು ಕೇಳಬೇಡಿ. ಇದು ಕೈಯನ್ನು ಕೊಡಲಿಲ್ಲ, ಎತ್ತಲು ಬಿಡಲಿಲ್ಲ. ಒಳಗಿನ ಸ್ನಾಯು ಹರಿದಿದೆ, ಇನ್ನು ಮೊಣಕೈಯನ್ನು ಭುಜದ ಮೇಲಕ್ಕೆ ಒಯ್ಯಬಾರದು ಎಂದರು ಡಾಕ್ಟರು. ಆರ್ಗನ್‌ಗೆ ತೊಂದರೆಯಿಲ್ಲ. ಸರೋವರಕ್ಕೆ ತೊಂದರೆ. ಅವಳ ಹಳೆಯ ಕೋಲು ಬಿದಿರು ಸೀಳಿ ಅಂಟಿಸಿ ಮಾಡಿದ್ದು, ಅವಳ ಅಪ್ಪನದು, ಒನಕೆಯಷ್ಟು ಭಾರ. ಅದನ್ನು ಒಮ್ಮೆ ಎತ್ತಿ ನೋಡಿ, ತಿರುಗಿ ಗೋಡೆಗೆ ಒರಗಿಸಿ, ಅವಳು ಫೆಸ್ಟಿ ಲೈಡನ್‌ನ ಅಂಗಡಿಗೆ ಹೋದಳು. ನಾನೂ ಜೊತೆಗಿದ್ದೆ, ಅಲ್ಲಿ ಚಹಾಪುಡಿಯೂ ಸಿಗುತ್ತದೆ.

ಫೆಸ್ಟಿಯ ಅಂಗಡಿಯ ಮುಂಭಾಗದಲ್ಲಿ ಗಾಳ, ಕೋಲು, ಬಣ್ಣದ ಡಬ್ಬ, ದಿನಸಿ. ಹಿಂಭಾಗದಲ್ಲಿ ಶವಪೆಟ್ಟಿಗೆ. ಎರಡು ವ್ಯಾಪಾರಕ್ಕೂ ಮನುಷ್ಯನ ಉದ್ದ ತಿಳಿದಿರಬೇಕು, ಆದ್ದರಿಂದ ಅವನು ಒಳಗೆ ಬಂದವರನ್ನು ಮೊದಲು ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ.

“ಬಾ ಡೀಲಿಯಾ. ಮುಂದಿನ ಅಂಗಡಿಗೋ, ಹಿಂದಿನ ಅಂಗಡಿಗೋ?”

“ಮುಂದಿನದಕ್ಕೆ. ಹಿಂದಿನದಕ್ಕೆ ಇನ್ನೂ ಟೈಮಿದೆ.”

“ನಿನ್ನ ಸ್ಪೀಡ್ ನೋಡಿದ್ರೆ ಹಾಗೆ ಹೇಳೋಕಾಗಲ್ಲ. ಅಳತೆ ನೆನಪಿಟ್ಕೊಂಡಿದೀನಿ, ಯಾವುದಕ್ಕೂ ಇರಲಿ ಅಂತ.”

“ಕೋಲು ತೋರಿಸು ಫೆಸ್ಟಿ. ದೊಡ್ಡ ಟ್ರೌಟ್ ತಡ್ಕೋಬೇಕು, ದೋಣಿಯಿಂದ ಬೀಸಬೇಕು, ಭುಜ ಯಾಕೆ ಅಂತ ಕೇಳಬಾರದು. ಬೇಗ.”

ಅಂಗಡಿಯ ಹಿಂದೆಯೇ ಕಲ್ಲಿನ ಕಟ್ಟೆ, ಕಟ್ಟೆಯಾಚೆ ಸರೋವರ. ಫೆಸ್ಟಿ ಒಂದೊಂದೇ ಕೋಲಿಗೆ ದಾರ ಹಾಕಿ ಕೊಟ್ಟ. ಮೊದಲನೆಯದು ಹತ್ತಡಿಯ ಕಾರ್ಬನ್ ಕೋಲು. ಕೈಗೆ ಪೆನ್ಸಿಲ್ಲಿನಷ್ಟು ಹಗುರ, ಆದರೆ ಬಾಗಲೊಲ್ಲದು. ಬಾಗದ ಕೋಲು ತನ್ನ ಕೆಲಸವನ್ನು ಭುಜಕ್ಕೆ ಹೇರುತ್ತದೆ. ಎರಡು ಸಲ ಬೀಸಿ, “ಇದು ನಮ್ಮತ್ತೆ ಥರ” ಎಂದು ಹಿಂದಿರುಗಿಸಿದಳು.

ಎರಡನೆಯದು ಒಂಬತ್ತಡಿಯದು. ಭುಜಕ್ಕೆ ಗೊತ್ತೇ ಆಗಲಿಲ್ಲ. ಫೆಸ್ಟಿಯ ಮುಖ ಅರಳಿತು.

“ಇದರಲ್ಲಿ ನೊಣ ಕುಣಿಸೋದು ಹೇಗೆ?” ಎಂದಳು ಡೀಲಿಯಾ. “ದಾರ ಎಳ್ಕೊಂಡು ಬಂದಾಗ ಅದಕ್ಕೆ ಮೇಲೆ ಕಟ್ಟಿರೋ ನೊಣ ದೋಣಿಯಿಂದ ದೂರದಲ್ಲೇ ನೀರು ತಾಗಿ ಕುಣಿಬೇಕು. ಗಿಡ್ಡ ಕೋಲಾದ್ರೆ ದೋಣಿ ಹತ್ತಿರ ಕುಣಿಯುತ್ತೆ. ಮೀನಿಗೆ ನೊಣ ಕಾಣೋ ಮುಂಚೆ ಮ್ಯಾಟಿ ಮುಖ ಕಾಣುತ್ತೆ.”

“ಪಾಪ” ಎಂದ ಫೆಸ್ಟಿ, ಮೀನಿಗೋ ಮ್ಯಾಟಿಗೋ ತಿಳಿಯಲಿಲ್ಲ.

ಮೂರನೆಯದು ಹನ್ನೊಂದಡಿಯದು, ನಡುವಿನಿಂದ ಬಳುಕುವ, ಮೆತ್ತನೆಯ ಕೋಲು. ಡೀಲಿಯಾ ಅದನ್ನು ಹಿಡಿದು ನೀರಿನ ಕಡೆ ತಿರುಗಿದಳು. ದಾರ ಹೊಗೆಯಂತೆ ಹಿಂದಕ್ಕೆ ಹೋಗಿ, ಮುಂದಕ್ಕೆ ಬಂದು, ನೀರಿನ ಮೇಲೆ ಸದ್ದಿಲ್ಲದೆ ಮಲಗಿತು. ಹತ್ತಾರು ಸಲ ಬೀಸಿದಳು. ಕೊನೆಯ ಒಂದೆರಡರಲ್ಲಿ ಅವಳ ದವಡೆ ಬಿಗಿಯಾದದ್ದನ್ನು ನಾನೂ ನೋಡಿದೆ, ಫೆಸ್ಟಿಯೂ ನೋಡಿದ.

“ಕೋಲು ಉದ್ದ ಆದಷ್ಟೂ ತುದಿ ತೂಗುತ್ತೆ, ಡೀಲಿಯಾ. ಕಟ್ಟೆ ಮೇಲೆ ಐದು ನಿಮಿಷ ಸರಿ. ದೋಣೀಲಿ ದಿನಪೂರ್ತಿ ಈ ಭುಜ ತಡೆಯಲ್ಲ.”

“ನಿನ್ನ ಭುಜಾನಾ?”

“ಸರಿ. ಆದ್ರೂ ಒಂದು ಮಾತು.” ಅವನು ಅಂಗಡಿಯ ಮೂಲೆಗೆ ಬೆರಳು ತೋರಿಸಿದ. ಅಲ್ಲಿ ಒಂದು ಉದ್ದನೆಯ ಕೋಲು, ಒಂದರೊಳಗೊಂದು ತೂರುವಂಥದ್ದು, ಅರ್ಧ ಮಡಿಸಿಕೊಂಡು ನಿಂತಿತ್ತು. ಮೇಲಿನ ಅಟ್ಟದಿಂದ ಓಟ್ಸ್ ಪೊಟ್ಟಣ ಕೆಡವಲು ಅದನ್ನು ಬಳಸುತ್ತಿದ್ದ. “ಅದಕ್ಕೆ ಬೀಸೋದೇ ಬೇಡ. ತೊಡೆ ಮೇಲೆ ಊರಿಕೊಂಡ್ರೆ ಆಯ್ತು. ಭುಜ ರಜೆ ಹಾಕಬಹುದು.”

“ಅದು ಕೋಲಲ್ಲ, ಬಟ್ಟೆ ಒಣಗಿಸೋ ಗಳ” ಎಂದು ಡೀಲಿಯಾ ಹನ್ನೊಂದಡಿಯ ಕೋಲನ್ನು ಹೊತ್ತುಕೊಂಡು ಹೊರಟಳು. ನನ್ನ ಚಹಾಪುಡಿ ಅಲ್ಲೇ ಮರೆತುಹೋಯಿತು.

ಬೇಲಿಯ ಮುಳ್ಳುಗಿಡ ಬಿಳಿಯ ಹೂ ಬಿಟ್ಟಿತು, ಮೇನೊಣ ಎದ್ದವು, ನಾವು ದೋಣಿ ಇಳಿಸಿದೆವು. ನೈಋತ್ಯದ ಗಾಳಿ, ಮೋಡ, ನೀರಿನ ಮೇಲೆ ಒಳ್ಳೆಯ ಅಲೆ. ಡೀಲಿಯಾ ಮೊದಲ ಗಂಟೆ ಹಳೆಯ ಡೀಲಿಯಾಳೇ ಆಗಿದ್ದಳು. ಮಧ್ಯಮ ಗಾತ್ರದ ಒಂದು ಮೀನನ್ನೂ ತಂದಳು. ಆಮೇಲೆ ದಾರ ನೀರಿನ ಮೇಲೆ ಸುರುಳಿ ಸುರುಳಿಯಾಗಿ ಬೀಳತೊಡಗಿತು. ಅವಳು ಕೋಲನ್ನು ಎಡಗೈಗೆ ಬದಲಾಯಿಸಿದಳು. ಎಡಗೈಯ ಮೊದಲ ಬೀಸಿಗೆ ಮ್ಯಾಟಿಯ ಟೋಪಿ ಹಾರಿ ಸರೋವರಕ್ಕೆ ಹೋಯಿತು.

ಮ್ಯಾಟಿ ಹುಟ್ಟು ಹಾಕಿ ಟೋಪಿಯ ಹತ್ತಿರ ಹೋಗಿ, ಎತ್ತಿ, ಹಿಂಡಿ, ತಲೆಗೆ ಇಟ್ಟುಕೊಂಡ. ನೀರು ಅವನ ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

“ಡೀಲಿಯಾ” ಎಂದ ಮೆತ್ತಗೆ, “ಸ್ವಲ್ಪ ಹೊತ್ತು ಇಲ್ಲಿ ಬಂದು ಕೂತ್ಕೋ. ಕೆಟಲ್ ಹತ್ತಿರ. ಕೈಗೆ ರೆಸ್ಟ್ ಸಿಗುತ್ತೆ.”

ಅವನ ದನಿಯಲ್ಲಿದ್ದದ್ದು ಕರುಣೆ, ಅದೇ ತೊಂದರೆಯಾದದ್ದು. ನನಗೇನು ಮಾಡಬೇಕೋ ತಿಳಿಯದೆ, ಅಭ್ಯಾಸಬಲದಿಂದ, ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡು ಸರಿದು ಜಾಗ ಮಾಡಿದೆ. ಡೀಲಿಯಾ ಆ ಖಾಲಿ ಅಂಗೈಯಗಲದ ಹಲಗೆಯನ್ನು ನೋಡಿದಳು. ಮ್ಯಾಟಿಯ ಅಪ್ಪ ಕೂತದ್ದು ಅಲ್ಲೇ.

“ದಡಕ್ಕೆ ಬಿಡು” ಎಂದಳು.

ಅವತ್ತು ನಾವು ಚಹಾ ಕುಡಿಯದೆ ಮನೆಗೆ ಬಂದೆವು. ಈ ಸರೋವರದಲ್ಲಿ ಅದು ದೊಡ್ಡ ಸುದ್ದಿ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು: ಡೀಲಿಯಾ ಕಾಯ್ನ್ ಈ ಮೇನೊಣದಲ್ಲಿ ಒಂದೋ ಕೆಟಲ್ ಹಲಗೆಗೆ ಇಳಿಯುತ್ತಾಳೆ, ಇಲ್ಲವೇ ಸರೋವರವನ್ನೇ ಬಿಡುತ್ತಾಳೆ. ಮೂರನೆಯ ದಾರಿಯೊಂದು ಫೆಸ್ಟಿಯ ಅಂಗಡಿಯ ಮೂಲೆಯಲ್ಲಿ ಓಟ್ಸ್ ಕೆಡವುತ್ತ ನಿಂತಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅವಳು ಬಾಗಿಲಲ್ಲಿದ್ದಳು. ಫೆಸ್ಟಿ ನಗಲಿಲ್ಲ, ತಮಾಷೆ ಮಾಡಲಿಲ್ಲ. ಶವಸಂಸ್ಕಾರಕ್ಕೆ ಇಟ್ಟುಕೊಂಡ ಮುಖವನ್ನು ಹಾಕಿಕೊಂಡು ಉದ್ದನೆಯ ಕೋಲಿನ ಧೂಳು ಒರೆಸಿ ಕೊಟ್ಟ.

“ಆ ಮುಖ ತೆಗಿ” ಎಂದಳು ಡೀಲಿಯಾ. “ಯಾರೂ ಸತ್ತಿಲ್ಲ.”

“ಕಾಯೋ ಮಾತು ಇದೆಯಾ ನಿನಗೆ?”

“ಏನದು?”

ಫೆಸ್ಟಿ ಆಚೀಚೆ ನೋಡಿದ. ಉದ್ದ ಕೋಲು ಹಿಡಿಯುವವರ ಗುಟ್ಟು ಇದು, ಆದರೆ ಅಂಥ ಗುಟ್ಟೂ ಅಲ್ಲ. ಸುಳ್ಳು ನೊಣವನ್ನು ಉಗಿಯುವ ಟ್ರೌಟ್ ನಿಜವಾದ ನೊಣವನ್ನು ಉಗಿಯುವುದಿಲ್ಲ. ಆರಾಮವಾಗಿ ಬಾಯಿಗೆ ಹಾಕಿಕೊಂಡು, ತಿರುಗಿ, ತಳಕ್ಕೆ ಇಳಿಯುತ್ತ ನುಂಗುತ್ತದೆ. ಅದು ತಿರುಗುವ ಮೊದಲು ಕೋಲು ಎತ್ತಿದರೆ ಗಾಳ ತೆರೆದ ಬಾಯಿಂದ ಹಾಗೆಯೇ ಹೊರಬರುತ್ತದೆ. ಆದ್ದರಿಂದ ಮೀನು ನೊಣ ತೆಗೆದುಕೊಂಡ ಕ್ಷಣದಿಂದ ಕೋಲು ಎತ್ತುವ ಕ್ಷಣದವರೆಗೆ ಮನಸ್ಸಿನಲ್ಲೇ ಒಂದು ಮಾತು ಹೇಳಿಕೊಳ್ಳಬೇಕು. ಇಂಗ್ಲೆಂಡಿನಿಂದ ಬರುವವರು ತಮ್ಮ ರಾಜನನ್ನು ದೇವರು ಕಾಪಾಡಲಿ ಎಂದುಕೊಳ್ಳುತ್ತಾರಂತೆ. ಆ ರಾಜರನ್ನು ಓಡಿಸಿದ ಈ ನಾಡಿನಲ್ಲಿ ಅದು ನಡೆಯುವುದಿಲ್ಲ. ಫೆಸ್ಟಿ ತಾನು ಇತ್ತೀಚೆಗೆ ಮಣ್ಣು ಮಾಡಿದ ಮೂವರ ಹೆಸರು ಹೇಳಿಕೊಳ್ಳುತ್ತಾನೆ. ಹೆಚ್ಚಿನವರು ‘ನಮೋ ಮರಿಯಾ’ ಜಪದ ಅರ್ಧ ಹೇಳುತ್ತಾರೆ. ಒಬ್ಬೊಬ್ಬರದು ಒಂದೊಂದು, ಇನ್ನೊಬ್ಬರಿಗೆ ಹೇಳುವ ಪದ್ಧತಿಯಿಲ್ಲ.

“ನಮೋ ಮರಿಯಾ ಸಾಕು” ಎಂದಳು ಡೀಲಿಯಾ. “ಪೂರ್ತಿ ಬೇಕಾದ್ರೂ ಹೇಳ್ತೀನಿ.”

ಸಮುದ್ರದಾಚೆಯ ನನ್ನ ಹುಟ್ಟೂರಿನ ಕಾನ್ವೆಂಟಿನಲ್ಲಿ ನನಗೆ ಜಪ ಕಲಿಸಿದ ಸಿಸ್ಟರ್‌ಗಳು ಈ ಕಡೆಯಿಂದ ಬಂದವರೇ. ಅವರು ಜಪವನ್ನು ಎಳೆದೆಳೆದು ಹೇಳುತ್ತಿದ್ದರು. ಡೀಲಿಯಾಳ ಜಪ ಕೇಳಿದ ಮೇಲೆ, ಆ ಸಿಸ್ಟರ್‌ಗಳು ಹಡಗು ಹತ್ತಿದ್ದೇ ಇಂಥವರಿಂದ ತಪ್ಪಿಸಿಕೊಳ್ಳಲೇನೋ ಎನಿಸಿತು.

ದೋಣಿಯಲ್ಲಿ ಅವಳು ಉದ್ದ ಕೋಲು ಹಿಡಿದು ಮುಂತುದಿಯಲ್ಲಿ ಕೂತಾಗ ಅಟ್ರಾಕ್ಟಾ ಹಿಂತುದಿಯಿಂದ ಬಹಳ ಹೊತ್ತು ನೋಡಿದಳು. ದೋಣಿಗೆ ಈಗ ಎರಡು ಧ್ವಜ. ಬಟ್ಟೆ ಒಣಗಿದವೇ ಎಂದು ಕೇಳಲು ಅಟ್ರಾಕ್ಟಾಳಿಗೆ ಮೂವತ್ತು ವರ್ಷಗಳ ಹಕ್ಕಿತ್ತು. ಕೇಳಲಿಲ್ಲ. ಮೇನೊಣದ ಮರದ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, “ಅವಳಿಗೆ ದಾಟಿಸು. ದೊಡ್ಡವು ಮೇಲಿವೆ” ಎಂದಳು, ಅಷ್ಟೆ.

ಭುಜ ಏನೂ ಕೇಳಲಿಲ್ಲ. ತೊಡೆಯ ಮೇಲೆ ಕೋಲು ಊರಿ, ಎಳೆ ಗಾಳಿಗೆ ಬಿಟ್ಟು, ಡೀಲಿಯಾ ನೊಣಗಳನ್ನು ಬಂಡೆಯ ಪಕ್ಕದಲ್ಲಿ ಕುಣಿಸಿದಳು. ಕುಣಿಸುವುದು ಅವಳಿಗೆ ಹೇಳಿಕೊಡಬೇಕಾದ್ದಲ್ಲ. ಸ್ವಲ್ಪ ಹೊತ್ತಿಗೆ ನೀರು ಮೆಲ್ಲಗೆ ತೆರೆದು, ಕಂದು ಬಣ್ಣದ ಒಂದು ಮೂತಿ ಮೇಲೆ ಬಂದು, ನೊಣಗಳನ್ನು ಬಿಸ್ಕತ್ತಿನಂತೆ ತೆಗೆದುಕೊಂಡಿತು. ಡೀಲಿಯಾಳ ತುಟಿ ಅಲುಗಿತು, ಕೋಲು ಮೇಲಕ್ಕೆ ಹಾರಿತು. ಗಾಳ ಖಾಲಿ.

“ನಮೋ ಮರಿಯಾ ಹೇಳಿದ್ಯಾ?” ಎಂದ ಮ್ಯಾಟಿ.

“ಪೂರ್ತಿ ಹೇಳಿದೆ.”

“ಮೀನು ಇನ್ನೂ ಬಾಯಿ ಮುಚ್ಚಿರಲಿಲ್ಲ, ಮಾರಾಯ್ತಿ.”

ಎರಡನೆಯ ಸಲ ಜಪದ ಜೊತೆ ಮಹಿಮಾಸ್ತುತಿಯನ್ನೂ ಸೇರಿಸಿದಳು. ಅದೂ ಸಾಲಲಿಲ್ಲ. ಆರ್ಗನ್ ನುಡಿಸುವ ಬೆರಳಿನ ಲಯ ನಾಲಿಗೆಗೂ ಇತ್ತು. ಇಡೀ ಪೂಜೆಯನ್ನು ಹೇಳಿದ್ದರೂ ಮೀನು ತಿರುಗುವಷ್ಟರಲ್ಲಿ ಕಾಣಿಕೆ ಡಬ್ಬಿ ಸುತ್ತಿ ಬಂದಿರುತ್ತಿತ್ತು. ಆ ಎರಡನೆಯ ಮೀನು ದೊಡ್ಡದು. ಅದರ ಬೆನ್ನು ದೋಣಿಯ ಪಕ್ಕ ಹೊರಳಿದಾಗ ಮ್ಯಾಟಿ ಹುಟ್ಟು ನಿಲ್ಲಿಸಿದ. ಹಿಂತುದಿಯಲ್ಲಿ ಅಟ್ರಾಕ್ಟಾ ಅಷ್ಟರಲ್ಲಿ ಸದ್ದಿಲ್ಲದೆ ಎರಡು ಮೀನು ಹಿಡಿದು ಜರೀಗಿಡದ ಎಲೆಯ ಮೇಲೆ ಮಲಗಿಸಿದ್ದಳು.

ಡೀಲಿಯಾ ಮುಂತುದಿಯಿಂದ ಎದ್ದು ಕೋಲನ್ನು ಮಡಿಸತೊಡಗಿದಳು. “ನನ್ನಿಂದ ಆಗಲ್ಲ” ಎಂದಳು. ಆ ವಾಕ್ಯವನ್ನು ಅವಳ ಬಾಯಲ್ಲಿ ನಾವು ಮೂವರೂ ಮೊದಲ ಸಲ ಕೇಳಿದ್ದು. ಅವಳ ಕಣ್ಣು ಕೆಟಲ್ ಹಲಗೆಯ ಮೇಲೆ ಬಿದ್ದು, ಅಲ್ಲೇ ನಿಂತಿತು.

“ಊಟಕ್ಕೆ ಹೋಗೋಣ” ಎಂದಳು ಅಟ್ರಾಕ್ಟಾ.

ಆಡಿನ ದ್ವೀಪದ ಕಲ್ಲುಗಳ ಮೇಲೆ ಕೂತೆವು. ನಾನು ಒಣಕಡ್ಡಿ ಆರಿಸಿ ಕೆಟಲ್‌ನ ಹೊಟ್ಟೆಗೆ ಬೆಂಕಿ ಹಾಕಿದೆ. ಕಂದು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹ್ಯಾಮ್. ಹೊಗೆ ವಾಸನೆಯ ಚಹಾ. ಡೀಲಿಯಾ ಮೊಟ್ಟೆಯ ಸಿಪ್ಪೆಯನ್ನು ತೆಗೆಯುತ್ತಲೇ ಇದ್ದಳು, ತಿನ್ನಲಿಲ್ಲ. ಮ್ಯಾಟಿ ದೋಣಿಯ ನೀರು ಗೋರಲು ಹೋದ. ಗೋರುವಷ್ಟು ನೀರು ಅದರಲ್ಲಿ ಇರಲಿಲ್ಲ.

“ಜಪ ಆಗಲ್ಲ ನಿನಗೆ” ಎಂದಳು ಅಟ್ರಾಕ್ಟಾ, ಮಗ್ಗಿನೊಳಗೆ ನೋಡುತ್ತ. “ಬಾಯಿಪಾಠ ಆಗಿರೋ ಮಾತು ಯಾವುದೂ ಆಗಲ್ಲ. ಜಾರಿಕೊಂಡು ಹೋಗುತ್ತೆ. ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳೋ ಮಾತು ಬೇಕು.”

“ನಿಂದೇನು?”

“ಹೇಳಬಾರದು.”

“ಮೂವತ್ತು ವರ್ಷದಿಂದ ಒಂದೇ ದೋಣೀಲಿ ಕೂತಿದೀವಿ, ಅಟ್ರಾಕ್ಟಾ.”

“ಅದಕ್ಕೇ ಹೇಳಬಾರದು.”

ಡೀಲಿಯಾ ಮೊಟ್ಟೆಯನ್ನು ಕೆಳಗಿಟ್ಟಳು. ಸಾಮಾನ್ಯವಾಗಿ ಇಂಥ ಜಾಗದಲ್ಲಿ ಅವಳು ಎದುರಿನವರ ವಾಕ್ಯವನ್ನು ತಾನೇ ಮುಗಿಸಿಬಿಡುತ್ತಾಳೆ. ಈ ವಾಕ್ಯ ಹೇಗೆ ಮುಗಿಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೂತಿದ್ದಳು. ಅಟ್ರಾಕ್ಟಾ ಚಹಾ ಪೂರ್ತಿ ಕುಡಿದು, ಮಗ್ಗಿನ ತಳದ ಎಲೆಗಳನ್ನು ಹುಲ್ಲಿಗೆ ಚೆಲ್ಲಿದಳು.

“ಡೀಲಿಯಾ ಮುಂದೆ ಕೂತಿದ್ದಾಳೆ. ಕೂತಿರಲಿ” ಎಂದಳು.

“ಏನು?”

“ಅದೇ. ಮೀನು ನೊಣ ತಗೊಂಡ ತಕ್ಷಣ ಹೇಳ್ಕೋತೀನಿ. ಡೀಲಿಯಾ ಮುಂದೆ ಕೂತಿದ್ದಾಳೆ, ಅಂತ. ಅಲ್ಲಿ ಒಂದು ಸಲ ಸಿಕ್ಕಿಕೊಳ್ಳುತ್ತೆ. ಉಸಿರು ತಗೊಂಡು, ಕೂತಿರಲಿ ಅಂತೀನಿ. ಅಷ್ಟೊತ್ತಿಗೆ ಮೀನು ತಿರುಗಿರುತ್ತೆ.”

ನಾನು ಕೆಟಲ್‌ನಲ್ಲಿ ಬಹಳ ಕೆಲಸವಿರುವವಳಂತೆ ನಟಿಸಿದೆ.

“ಈಗಲೂ ಸಿಕ್ಕಿಕೊಳ್ಳುತ್ತಾ?” ಎಂದಳು ಡೀಲಿಯಾ.

“ಮೊದಲಷ್ಟಿಲ್ಲ. ಅದಕ್ಕೇ ಹೋದ ವರ್ಷ ಒಂದೆರಡು ತಪ್ಪಿಸಿಕೊಂಡ್ವು.”

ಡೀಲಿಯಾ ಎದ್ದಳು, ಸ್ಕರ್ಟಿನ ಮೇಲಿನ ಮೊಟ್ಟೆಯ ಸಿಪ್ಪೆ ಕೊಡವಿದಳು, ದೋಣಿಗೆ ಹೋದಳು. ಕೋಲನ್ನು ಮತ್ತೆ ಪೂರ್ತಿ ಉದ್ದ ಮಾಡಿದಳು. ಎಂದಿನಂತೆ ಎಲ್ಲರಿಗಿಂತ ಮೊದಲು ಹತ್ತಿ ಕೂತಳು. ಆದರೆ ಹಿಂತುದಿಯಲ್ಲಿ.

ಮ್ಯಾಟಿ ನೀರು ಗೋರುವ ಡಬ್ಬ ಹಿಡಿದು ನಿಂತೇ ಇದ್ದ. ಅಟ್ರಾಕ್ಟಾ ಕಲ್ಲುಗಳ ಮೇಲೆ ಇಳಿದು ಬಂದು, ದೋಣಿಯ ಪಕ್ಕದಲ್ಲಿ ನಿಂತು, ಡೀಲಿಯಾಳನ್ನು ನೋಡಿದಳು.

“ಅದು ನನ್ನ ಜಾಗ.”

“ನನ್ನ ಮಾತಿಗೆ ನೀನು ಅಲ್ಲಿರಬೇಕು. ಸುಳ್ಳು ಮಾತಾದ್ರೆ ಗಂಟಲಲ್ಲಿ ಸಿಕ್ಕಿಕೊಳ್ಳಲ್ಲ” ಎಂದಳು ಡೀಲಿಯಾ. “ಹತ್ತು, ಬೇಗ. ಗಾಳಿ ತಿರುಗ್ತಾ ಇದೆ.”

ಗಾಳಿ ತಿರುಗಿರಲಿಲ್ಲ. ಅಟ್ರಾಕ್ಟಾ ಹತ್ತಿದಳು. ಮುಂತುದಿಯ ಹಲಗೆಯ ಮೇಲೆ ಕೂರುವ ಮೊದಲು ಅದನ್ನು ಕೈಯಿಂದ ಒಮ್ಮೆ ಒರೆಸಿದಳು, ಅದು ಒದ್ದೆಯಾಗಿಲ್ಲದಿದ್ದರೂ. ದೋಣಿ ಅವಳ ಭಾರಕ್ಕೆ ಮೂತಿ ತಗ್ಗಿಸಿತು. ಮ್ಯಾಟಿ ತಾನು ಕೂರುವ ಜಾಗವನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡ.

ದ್ವೀಪದ ಹಿಂಬದಿಯ ಬಂಡೆಗಳ ಸಾಲಿನಲ್ಲಿ ತೇಲುತ್ತಿದ್ದೆವು. ದೊಡ್ಡ ಮೀನು ಮುಂತುದಿಯ ಕಡೆ ಬರಬೇಕಾದ ಜಾಗ ಅದು, ಬಂದದ್ದು ಹಿಂತುದಿಗೆ. ನೀರು ಒಡೆಯಲಿಲ್ಲ, ಬರೀ ಉಬ್ಬಿತು, ಡೀಲಿಯಾಳ ಎರಡು ನೊಣಗಳು ಇಲ್ಲವಾದವು. ನಾನು ಅವಳ ಮುಖಕ್ಕೆ ಎದುರಾಗಿ ಕೂತಿದ್ದೆ. ತುಟಿ ಅಲುಗಿದ್ದು ನೋಡಿದೆ. ಆಮೇಲೆ ನಿಂತದ್ದನ್ನು ನೋಡಿದೆ. ಅವಳು ಅಟ್ರಾಕ್ಟಾಳ ಅಗಲವಾದ ಬೆನ್ನನ್ನು ನೋಡುತ್ತಿದ್ದಳು. ಗಂಟಲು ಒಮ್ಮೆ ಮೇಲೆ ಕೆಳಗೆ ಹೋಯಿತು. ಉಸಿರು ಎಳೆದುಕೊಂಡಳು. ಅವಳು ಹುಟ್ಟಿದಂದಿನಿಂದ ಇಷ್ಟು ನಿಧಾನವಾಗಿ ಯಾವುದನ್ನೂ ಹೇಳಿರಲಾರಳು.

“ಕೂತಿರಲಿ” ಎಂದಳು ಜೋರಾಗಿಯೇ, ಕೋಲು ಎತ್ತಿದಳು.

ಕೋಲು ಬುಡದವರೆಗೆ ಬಾಗಿತು. ಮೀನು ತಳ ಹಿಡಿದು ದ್ವೀಪವನ್ನೇ ಸುತ್ತಿಸುವ ಹವಣಿಕೆಯಲ್ಲಿತ್ತು. ಅಂಥ ಕೋಲಿನಲ್ಲಿ ಮೀನನ್ನು ಅವಸರಪಡಿಸಲು ಬರುವುದಿಲ್ಲ. ಎಳೆ ಎಳೆಯಬಾರದು, ಬಿಟ್ಟು ಹಿಡಿಯಬೇಕು, ಬಿಟ್ಟು ಹಿಡಿಯಬೇಕು. ಮ್ಯಾಟಿ ಹುಟ್ಟು ಹಾಕುತ್ತ ಮೀನಿನ ಹಿಂದೆ ಹೋದ. ಅಟ್ರಾಕ್ಟಾ ತನ್ನ ಕೋಲನ್ನು ಒಳಗಿಟ್ಟು, ಮುಂತುದಿಯಿಂದ ನಮ್ಮನ್ನೆಲ್ಲ ದಾಟಿಕೊಂಡು, ನನ್ನ ಕಾಲನ್ನು ತುಳಿದು, ಬಲೆ ಹಿಡಿದು ಹಿಂತುದಿಗೆ ಬಂದಳು. ಬಲೆ ಎತ್ತಲು ಅವಳಿಗೆ ಎರಡೂ ಕೈ ಬೇಕಾದವು. ಹಳದಿ ಹೊಟ್ಟೆ, ಕಪ್ಪು ಕೆಂಪು ಚುಕ್ಕೆ, ಬಾಗಿದ ಕೆಳದವಡೆ. ಹಾಸಿದ್ದ ಜರೀಎಲೆ ಅದಕ್ಕೆ ಸಾಲಲಿಲ್ಲ.

“ಬಟ್ಟೆ ಒಣಗಿದ್ವು” ಎಂದಳು ಅಟ್ರಾಕ್ಟಾ.

ಇದಾಗಿ ಮೂರು ಮೇನೊಣ ಕಳೆದಿವೆ. ಹನ್ನೊಂದಡಿಯ ಕೋಲನ್ನು ಫೆಸ್ಟಿ ವಾಪಸು ತೆಗೆದುಕೊಂಡ. ಈಗ ಓಟ್ಸ್ ಕೆಡವಲು ಅದನ್ನು ಬಳಸುತ್ತಾನೆ, ಚೆನ್ನಾಗಿ ಬಳುಕುತ್ತದೆ ಎನ್ನುತ್ತಾನೆ. ಆರ್ಗನ್‌ನ ವೇಗದ ಬಗ್ಗೆ ಊರಿನವರಿಗೆ ಸ್ವಲ್ಪ ದಿನ ಭಯವಿತ್ತು. ಭಯಪಡುವ ಕಾರಣವಿರಲಿಲ್ಲ, ಪೂಜೆ ಈಗಲೂ ಅಷ್ಟೇ ಬೇಗ ಮುಗಿಯುತ್ತದೆ. ಅವಳು ಕಾಯುವುದು ಮೀನಿಗೆ ಮಾತ್ರ.

ಅಟ್ರಾಕ್ಟಾ ಮುಂತುದಿಯಲ್ಲೇ ಇದ್ದಾಳೆ. ಮೊದಲ ವರ್ಷ ಅವಳ ಮೀನು ಕಡಿಮೆಯಾದವು, ಹೇಳಿಕೊಳ್ಳಲು ಮಾತು ಉಳಿದಿರಲಿಲ್ಲವಲ್ಲ. ಈಗ ಹೊಸದೊಂದನ್ನು ಹುಡುಕಿಕೊಂಡಿದ್ದಾಳೆ, ಯಾರಿಗೂ ಹೇಳಿಲ್ಲ. ಆ ಜಾಗದ ಬಗ್ಗೆ ಅವಳಿಗೆ ತಕರಾರಿದೆ. ಅಲೆಯ ನೀರೆಲ್ಲ ಮೊದಲು ಅಲ್ಲಿಗೇ ಹಾರುತ್ತದೆ, ಹಲಗೆ ಕಿರಿದು, ಬಂಡೆ ತಾಗಿದಾಗ ಬೆನ್ನುಮೂಳೆಗೆ ಪೆಟ್ಟು.

“ಇಲ್ಲಿ ಇಷ್ಟು ಚಳಿ ಅಂತ ಒಬ್ಬರೂ ಹೇಳಲಿಲ್ಲ ನೋಡು” ಎಂದಳು ಮೊನ್ನೆ, ಕತ್ತು ಒರೆಸಿಕೊಳ್ಳುತ್ತ.

ಹಿಂತುದಿಯಲ್ಲಿ ಡೀಲಿಯಾ ಕೋಲಿನ ತುದಿಯನ್ನು ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ. ಬಹಳ ಹೊತ್ತು ಬಿಟ್ಟು ಉತ್ತರ ಬಂತು.

“ಬೇಕಾದ್ರೆ ಬದಲಾಯಿಸಿಕೊಳ್ಳೋಣ.”

“ಬೇಡ” ಎಂದಳು ಅಟ್ರಾಕ್ಟಾ, ಅವಳ ಮಟ್ಟಿಗೆ ಬಹಳ ಬೇಗ.